ಬೆಂಕಿ ಇಲ್ಲದೆ, ಬರೀ ಅಯಸ್ಕಾಂತದಿಂದ ಲೋಹ ಬೆಸೆಯಬಹುದೇ? ಫಾರ್ವರ್ಡ್ ವಿಡಿಯೊ ಹಿಂದಿನ ನಿಜ

ದಪ್ಪ ಲೋಹದ ಸುರುಳಿಯೊಳಗೆ ಒಂದು ಅಲ್ಯೂಮಿನಿಯಂ ಕೊಳವೆ ಇಡುತ್ತಾರೆ. ಅದರೊಳಗೆ ಒಂದು ತಾಮ್ರದ ಕೊಳವೆ ತೂರಿಸುತ್ತಾರೆ. ಗುಂಡಿ ಒತ್ತಿದರೆ ‘ಢಂ’ ಎಂದು ಒಂದೇ ಸದ್ದು. ಹೊರಗೆ ತೆಗೆದು ನೋಡಿದರೆ ಎರಡೂ ಒಂದಾಗಿವೆ. ಗ್ಯಾಸ್ ಇಲ್ಲ, ಜ್ವಾಲೆ ಇಲ್ಲ, ವೆಲ್ಡಿಂಗ್ ರಾಡ್ ಇಲ್ಲ.

ಇಂಥ ವಿಡಿಯೊ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇಂಥದ್ದರ ಕೆಳಗೆ ಮೂರು ಬಗೆಯ ಮಾತು ಸೇರಿಕೊಳ್ಳುವುದು ಸುಲಭ. ‘ಅಯಸ್ಕಾಂತದ ಶಕ್ತಿ, ಕರೆಂಟ್ ಖರ್ಚೇ ಇಲ್ಲ.’ ‘ಇನ್ನು ವೆಲ್ಡರ್‌ಗಳಿಗೆ ಕೆಲಸವಿಲ್ಲ.’ ‘ಹಳೆಯ ಮೈಕ್ರೋವೇವ್ ಓವನ್ ಇದ್ದರೆ ಮನೆಯಲ್ಲೇ ಮಾಡಬಹುದು.’ ಇದಕ್ಕೆ ಎದುರಾಗಿ ಸ್ವಲ್ಪ ತಿಳಿದವರ ವಾದವೂ ಇರುತ್ತದೆ: ‘ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದೇ ಇಲ್ಲ, ಇದೆಲ್ಲ ಎಡಿಟ್ ಮಾಡಿದ್ದು.’

ಚಿಕ್ಕಬಾಣಾವರದಂಥ ಊರಿನಲ್ಲಿ ಇದು ಬರೀ ಹೊತ್ತು ಕಳೆಯುವ ಚರ್ಚೆಯಲ್ಲ. ಕೆಲವೇ ಕಿಲೋಮೀಟರ್ ದೂರದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶವಿದೆ. ಈ ಕಡೆಯ ಎಷ್ಟೋ ಮನೆಗಳ ಒಲೆ ಉರಿಯುವುದು ಲೇತ್, ಪ್ರೆಸ್ ಮತ್ತು ವೆಲ್ಡಿಂಗ್ ಕೆಲಸದಿಂದ. ಹಾಗಾಗಿ ಒಂದೊಂದೇ ಮಾತನ್ನು ಪರೀಕ್ಷಿಸೋಣ.

ಮೊದಲು ಚುಟುಕು ಉತ್ತರ

ತಂತ್ರ ನಿಜ. ಇದರ ಹೆಸರು ಮ್ಯಾಗ್ನೆಟಿಕ್ ಪಲ್ಸ್ ವೆಲ್ಡಿಂಗ್. ಆದರೆ ಇಲ್ಲಿ ಅಯಸ್ಕಾಂತ ಲೋಹವನ್ನು ಸೆಳೆಯುವುದಿಲ್ಲ, ತಳ್ಳುತ್ತದೆ. ಬೆಸೆಯುವುದು ಆ ತಳ್ಳುವಿಕೆಯಿಂದ ಹುಟ್ಟುವ ಭಾರಿ ವೇಗದ ಡಿಕ್ಕಿ. ಕರೆಂಟ್ ಖಂಡಿತ ಬೇಕು. ವೆಲ್ಡರ್ ಕೆಲಸವನ್ನೆಲ್ಲ ಇದು ಕಸಿಯುವುದಿಲ್ಲ. ಮನೆಯಲ್ಲಿ ಮಾಡಲು ಹೋದರೆ ಜೀವ ಹೋಗಬಹುದು.

ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲವಲ್ಲ?

ಸರಿ, ಅಂಟುವುದಿಲ್ಲ. ಆದರೆ ಹಳೆಯ ಕರೆಂಟ್ ಮೀಟರ್ ನೆನಪಿಸಿಕೊಳ್ಳಿ. ಗಾಜಿನ ಹಿಂದೆ ಒಂದು ತೆಳು ತಟ್ಟೆ ಸುತ್ತುತ್ತಿತ್ತು. ಫ್ರಿಜ್ ಹಾಕಿದರೆ ಜೋರಾಗಿ, ಒಂದೇ ಬಲ್ಬ್ ಇದ್ದರೆ ನಿಧಾನವಾಗಿ. ಆ ತಟ್ಟೆ ಅಲ್ಯೂಮಿನಿಯಂನದು. ಅದಕ್ಕೆ ಯಾವ ತಂತಿಯೂ ತಾಗಿರುತ್ತಿರಲಿಲ್ಲ. ಪಕ್ಕದ ಸುರುಳಿಗಳ ಕಾಂತಕ್ಷೇತ್ರವೇ ಅದನ್ನು ತಿರುಗಿಸುತ್ತಿತ್ತು.

ಹೇಗೆ? ಕಾಂತಕ್ಷೇತ್ರ ಬದಲಾಗುತ್ತಿದ್ದರೆ ಹತ್ತಿರದ ಲೋಹದಲ್ಲಿ ತಾನಾಗಿಯೇ ವಿದ್ಯುತ್ ಹರಿಯುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿಕೊಟ್ಟ ವಿಷಯವಿದು. ನೀರಿನ ಸುಳಿಯಂತೆ ಲೋಹದೊಳಗೆ ಸುತ್ತುವುದರಿಂದ ಇದನ್ನು ಸುಳಿ ವಿದ್ಯುತ್ ಎನ್ನಬಹುದು. ಈ ಸುಳಿ ತನ್ನದೇ ಕಾಂತಕ್ಷೇತ್ರ ಹುಟ್ಟಿಸುತ್ತದೆ, ಮತ್ತು ಯಾವಾಗಲೂ ಮೂಲ ಬದಲಾವಣೆಗೆ ಎದುರು ನಿಲ್ಲುತ್ತದೆ. ಹಾಗಾಗಿ ಬೇಕಿರುವುದು ಅಯಸ್ಕಾಂತಕ್ಕೆ ಅಂಟುವ ಲೋಹವಲ್ಲ, ವಿದ್ಯುತ್ತನ್ನು ಚೆನ್ನಾಗಿ ಹರಿಸುವ ಲೋಹ. ತಾಮ್ರ ಮತ್ತು ಅಲ್ಯೂಮಿನಿಯಂ ಇದರಲ್ಲಿ ಮುಂದು.

ನೀವೇ ನೋಡಬೇಕೆಂದರೆ ಒಂದು ಅಲ್ಯೂಮಿನಿಯಂ ಅಥವಾ ತಾಮ್ರದ ಪೈಪನ್ನು ನೆಟ್ಟಗೆ ಹಿಡಿದು, ಅದರೊಳಗೆ ಸಲೀಸಾಗಿ ಹೋಗುವ ಒಂದು ನಿಯೋಡಿಮಿಯಂ ಅಯಸ್ಕಾಂತ ಬಿಡಿ. ಕಲ್ಲಿನಂತೆ ಬೀಳಬೇಕಾದದ್ದು ನಿಧಾನವಾಗಿ ಇಳಿಯುತ್ತದೆ. ಪೈಪಿಗೆ ಅಂಟಿಕೊಂಡಿದ್ದರಿಂದಲ್ಲ, ಪೈಪಿನಲ್ಲಿ ಹುಟ್ಟಿದ ಸುಳಿ ವಿದ್ಯುತ್ ತಡೆದಿದ್ದರಿಂದ. (ಚಿಕ್ಕ ಮಕ್ಕಳ ಕೈಗೆ ಈ ಅಯಸ್ಕಾಂತ ಕೊಡಬೇಡಿ. ಒಂದಕ್ಕಿಂತ ಹೆಚ್ಚು ನುಂಗಿದರೆ ಕರುಳಿಗೆ ಅಪಾಯ.)

‘ಢಂ’ ಎಂದಾಗ ಒಳಗೆ ನಡೆಯುವುದೇನು?

ಯಂತ್ರದಲ್ಲಿ ಮುಖ್ಯವಾಗಿ ಇರುವುದು ಎರಡು: ದೊಡ್ಡ ಕೆಪಾಸಿಟರ್‌ಗಳ ಸಾಲು ಮತ್ತು ಒಂದು ದಪ್ಪ ಸುರುಳಿ. ಕೆಪಾಸಿಟರ್ ಎಂದರೆ ವಿದ್ಯುತ್ ತುಂಬಿಡುವ ತೊಟ್ಟಿ ಎಂದುಕೊಳ್ಳಿ. ನಲ್ಲಿಯಿಂದ ಸಣ್ಣಗೆ ನೀರು ಬಿಟ್ಟು ಡ್ರಮ್ ತುಂಬಿಸಿ, ಆಮೇಲೆ ಡ್ರಮ್ಮನ್ನೇ ಒಮ್ಮೆಗೆ ಉರುಳಿಸಿದಂತೆ ಇಲ್ಲಿನ ಕೆಲಸ. ಕೆಲವು ಸೆಕೆಂಡ್ ತುಂಬಿದ ವಿದ್ಯುತ್ತು ಸುರುಳಿಗೆ ಸುರಿಯುವುದು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗ, ಇಲ್ಲವೇ ಅದಕ್ಕಿಂತಲೂ ಕಡಿಮೆ ಹೊತ್ತಿನಲ್ಲಿ. ಆಗ ಹರಿಯುವ ಕರೆಂಟ್ ಲಕ್ಷಗಟ್ಟಲೆ ಆಂಪಿಯರ್. ಮನೆಯ ಗೀಸರ್ ಎಳೆಯುವುದು ಹತ್ತು ಹದಿನೈದು ಆಂಪಿಯರ್ ಮಾತ್ರ.

ಸುರುಳಿಯಲ್ಲಿ ಇಷ್ಟು ಕರೆಂಟ್ ಚಿಮ್ಮಿದಾಗ ಹೊರಗಿನ ಅಲ್ಯೂಮಿನಿಯಂ ಕೊಳವೆಯಲ್ಲಿ ಎದುರು ದಿಕ್ಕಿನ ಸುಳಿ ವಿದ್ಯುತ್ ಹುಟ್ಟುತ್ತದೆ. ಸಮಯ ಅಷ್ಟು ಕಡಿಮೆ ಇರುವುದರಿಂದ ಅದು ಲೋಹದ ಮೇಲ್ಪದರದಲ್ಲಿ, ಸುಮಾರು ಒಂದು ಮಿಲಿಮೀಟರ್ ಆಳದೊಳಗೆ, ಹರಿಯುತ್ತದೆ. ಎದುರು ಬದುರು ಹರಿಯುವ ಎರಡು ಕರೆಂಟುಗಳು ಒಂದನ್ನೊಂದು ತಳ್ಳುತ್ತವೆ. ಕಾಂತಕ್ಷೇತ್ರ 20 ಟೆಸ್ಲಾ ಮುಟ್ಟಿದರೆ ಕೊಳವೆಯ ಮೇಲೆ ಬೀಳುವ ಒತ್ತಡ ವಾತಾವರಣದ ಒತ್ತಡದ ಸುಮಾರು 1,500 ಪಟ್ಟು. ಹೋಲಿಕೆಗೆ ಹೇಳುವುದಾದರೆ ಆಸ್ಪತ್ರೆಯ ಎಂಆರ್‌ಐ ಯಂತ್ರದ ಕಾಂತಕ್ಷೇತ್ರ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ.

ಸುರುಳಿ ಗಟ್ಟಿಯಾಗಿ ಕೂತಿರುತ್ತದೆ. ತೆಳುವಾದ ಕೊಳವೆ ಒಳಮುಖವಾಗಿ ಹಾರುತ್ತದೆ. ಒಳಗಿನ ತಾಮ್ರಕ್ಕೂ ಅದಕ್ಕೂ ನಡುವೆ ಬೇಕೆಂದೇ ಒಂದೆರಡು ಮಿಲಿಮೀಟರ್ ಸಂದು ಬಿಟ್ಟಿರುತ್ತಾರೆ. ಅಷ್ಟರಲ್ಲೇ ಅದರ ವೇಗ ಸೆಕೆಂಡಿಗೆ 250ರಿಂದ 500 ಮೀಟರ್ ತಲುಪಬಹುದು. ಗಾಳಿಯಲ್ಲಿ ಶಬ್ದದ ವೇಗ ಸುಮಾರು 340 ಮೀಟರ್.

ಡಿಕ್ಕಿ ಹೊಡೆದರೆ ಬೆಸುಗೆ ಹೇಗಾಗುತ್ತದೆ?

ಪ್ರತಿ ಲೋಹದ ಮೈಮೇಲೂ ಕಣ್ಣಿಗೆ ಕಾಣದ ಆಕ್ಸೈಡ್ ಪೊರೆ, ಕೊಳೆ, ಜಿಡ್ಡು ಇರುತ್ತದೆ. ಎರಡು ಲೋಹಗಳ ಶುದ್ಧ ಮೈ ಒಂದಕ್ಕೊಂದು ನಿಜವಾಗಿ ತಾಗಲು ಅವು ಬಿಡುವುದಿಲ್ಲ. ಇಲ್ಲಿ ಹೊರಗಿನ ಲೋಹ ಒಳಗಿನದಕ್ಕೆ ಸ್ವಲ್ಪ ಓರೆಯಾಗಿ ಬಡಿಯುವಂತೆ ಮಾಡುತ್ತಾರೆ. ಬಡಿತ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗುತ್ತದೆ. ಒದ್ದೆ ನೆಲವನ್ನು ರಬ್ಬರ್ ಪಟ್ಟಿಯಿಂದ ಎಳೆದಾಗ ನೀರು ಮುಂದೆ ಮುಂದೆ ಓಡುತ್ತದಲ್ಲ, ಹಾಗೆ ಆ ಪೊರೆ ಕಿತ್ತು ಮುಂದಕ್ಕೆ ಚಿಮ್ಮಿ ಹೊರಬೀಳುತ್ತದೆ. ಅದರ ಹಿಂದೆಯೇ ಶುದ್ಧ ಲೋಹಕ್ಕೆ ಶುದ್ಧ ಲೋಹ ಭಾರಿ ಒತ್ತಡದಲ್ಲಿ ತಾಗಿ ಒಂದಾಗುತ್ತದೆ. ಇಂಥ ಬೆಸುಗೆಯನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡು ಲೋಹಗಳ ಗಡಿ ಅನೇಕ ಸಲ ಅಲೆ ಅಲೆಯಾಗಿ ಕಾಣುತ್ತದೆ.

ವೇಗ ಸಾಲದಿದ್ದರೆ ಬೆಸುಗೆ ಆಗುವುದಿಲ್ಲ. ಹೊರಗಿನ ಕೊಳವೆ ಒಳಗಿನದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಅಷ್ಟೆ. ಕಾರ್ಖಾನೆಯಲ್ಲಿ ಇದನ್ನು ಕ್ರಿಂಪಿಂಗ್ ಎನ್ನುತ್ತಾರೆ. ಎಷ್ಟೋ ಕೆಲಸಕ್ಕೆ ಅದೇ ಸಾಕು. ಆದರೆ ವಿಡಿಯೊ ನೋಡಿದವರಿಗೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ.

ತಂತ್ರವೇನೂ ನಿನ್ನೆ ಮೊನ್ನೆಯದಲ್ಲ. 1920ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ಪ್ಯೋತರ್ ಕಪಿತ್ಸ ಭಾರಿ ಕಾಂತಕ್ಷೇತ್ರಗಳನ್ನು ಕ್ಷಣಮಾತ್ರ ಹುಟ್ಟಿಸುವ ಪ್ರಯೋಗ ಮಾಡುತ್ತಿದ್ದರು. ಆ ಬಲಕ್ಕೆ ಲೋಹ ಸೊಟ್ಟಗಾಗುವುದು ಆಗಲೇ ಕಂಡಿತ್ತು. ಇದನ್ನೇ ಲೋಹಕ್ಕೆ ರೂಪ ಕೊಡಲು ಬಳಸಬಹುದೆಂದು ಹಾರ್ವೆ ಮತ್ತು ಬ್ರೋವರ್ ಎಂಬಿಬ್ಬರು 1958ರಲ್ಲಿ ಅಮೆರಿಕದಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಭಾರತದಲ್ಲಿ ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಈ ವಿಷಯದಲ್ಲಿ ಸಂಶೋಧನೆ ಮಾಡಿದೆ.

ಕರೆಂಟ್ ಖರ್ಚೇ ಇಲ್ಲವೇ?

ಲೆಕ್ಕ ಹಾಕಿ ನೋಡೋಣ. 100 ಮೈಕ್ರೋಫ್ಯಾರಡ್ ಕೆಪಾಸಿಟರನ್ನು 10,000 ವೋಲ್ಟ್‌ಗೆ ತುಂಬಿದರೆ ಅದರಲ್ಲಿರುವ ಶಕ್ತಿ 5,000 ಜೌಲ್. ಇಷ್ಟು ಶಕ್ತಿಯಿಂದ ಒಂದು ಲೋಟ ನೀರನ್ನು ಸುಮಾರು 6 ಡಿಗ್ರಿ ಬಿಸಿ ಮಾಡಬಹುದು. ಕಾಫಿಗೂ ಸಾಲದು! ಬಿಲ್ಲಿನ ಲೆಕ್ಕದಲ್ಲಿ ಒಂದು ಯೂನಿಟ್‌ನ ಏಳುನೂರನೇ ಒಂದು ಭಾಗ.

ಆದರೆ ಅದೇ ಶಕ್ತಿ ಸೆಕೆಂಡಿನ ಇಪ್ಪತ್ತು ಸಾವಿರದಲ್ಲೊಂದು ಭಾಗದಲ್ಲಿ ಸುರಿದರೆ, ಆ ಕ್ಷಣದ ಬಲ 100 ಮೆಗಾವ್ಯಾಟ್. ಗುಟ್ಟಿರುವುದು ಶಕ್ತಿಯ ಪ್ರಮಾಣದಲ್ಲಲ್ಲ, ಅದು ಸುರಿಯುವ ವೇಗದಲ್ಲಿ. ಹಾಗಾಗಿ ‘ಕರೆಂಟ್ ಕಡಿಮೆ ಸಾಕು’ ಎನ್ನುವುದು ನಿಜ. ‘ಕರೆಂಟ್ ಬೇಡ’ ಎನ್ನುವುದು ಸುಳ್ಳು. ಅಯಸ್ಕಾಂತದಿಂದ ಬಿಟ್ಟಿ ಶಕ್ತಿ ಸಿಗುವುದಿಲ್ಲ.

ಹಾಗಾದರೆ ಇದು ಯಾರಿಗೆ ಉಪಯೋಗ?

ಎಸಿಯ ಒಳಗೆ ತಾಮ್ರವೂ ಇರುತ್ತದೆ, ಅಲ್ಯೂಮಿನಿಯಂ ಕೂಡ. ಎಲೆಕ್ಟ್ರಿಕ್ ವಾಹನಗಳ ಬ್ಯಾಟರಿಯಲ್ಲೂ ಹಾಗೆಯೇ. ಈ ಎರಡನ್ನು ಜ್ವಾಲೆಯಿಂದ ಬೆಸೆಯುವುದು ತಲೆನೋವಿನ ಕೆಲಸ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ತಾಮ್ರ 1,085ರಲ್ಲಿ. ಕರಗಿ ಬೆರೆತಾಗ ಗಡಿಯಲ್ಲಿ ಹಪ್ಪಳದಂತೆ ಮುರಿಯುವ ಗಡಸು ಪದರ ಹುಟ್ಟುತ್ತದೆ. ಮ್ಯಾಗ್ನೆಟಿಕ್ ಪಲ್ಸ್‌ನಲ್ಲಿ ಇಡೀ ಭಾಗ ಕಾಯುವುದೇ ಇಲ್ಲ, ಹಾಗಾಗಿ ಆ ಪದರ ತುಂಬಾ ತೆಳುವಾಗಿರುವಂತೆ ನೋಡಿಕೊಳ್ಳಬಹುದು. ಅಲ್ಯೂಮಿನಿಯಂ ಮತ್ತು ಉಕ್ಕಿನ ಜೋಡಣೆಗೂ ಇದೇ ಲಾಭ. ಹೊಗೆ ಇಲ್ಲ, ಕೆಲಸಗಾರನ ಕಣ್ಣಿಗೆ ಆರ್ಕ್ ಬೆಳಕಿನ ಕಾಟವಿಲ್ಲ.

ವೆಲ್ಡರ್‌ಗಳ ಕೆಲಸ ಹೋಗುತ್ತದೆಯೇ?

ಹೆಸರಘಟ್ಟ ರಸ್ತೆಯ ಅಂಗಡಿಯಲ್ಲಿ ಗೇಟು, ಗ್ರಿಲ್, ಶೀಟಿನ ಚಪ್ಪರ ಮಾಡುವವರು ನೆಮ್ಮದಿಯಾಗಿರಬಹುದು. ಈ ತಂತ್ರಕ್ಕೆ ಮಿತಿಗಳು ಬಹಳ.

ಮೊದಲನೆಯದು, ಭಾಗಗಳು ಒಂದರ ಮೇಲೊಂದು ಕೂರಬೇಕು. ತುದಿಗೆ ತುದಿ ತಾಗಿಸಿ ಬೆಸೆಯಲು ಆಗುವುದಿಲ್ಲ. ಎರಡನೆಯದು, ಹಾರುವ ಭಾಗ ತೆಳುವಾಗಿರಬೇಕು ಮತ್ತು ವಿದ್ಯುತ್ತನ್ನು ಚೆನ್ನಾಗಿ ಹರಿಸಬೇಕು. ಸ್ಟೇನ್‌ಲೆಸ್ ಸ್ಟೀಲ್ ತಾಮ್ರದ ಸುಮಾರು ನಲವತ್ತನೇ ಒಂದು ಭಾಗದಷ್ಟು ಮಾತ್ರ ವಿದ್ಯುತ್ ಹರಿಸುತ್ತದೆ, ಅದನ್ನು ತಳ್ಳಲು ಮೇಲೊಂದು ತಾಮ್ರ ಅಥವಾ ಅಲ್ಯೂಮಿನಿಯಂ ಪಟ್ಟಿ ಸುತ್ತಬೇಕಾಗುತ್ತದೆ. ಮೂರನೆಯದು, ಅಳತೆ ಬದಲಾದರೆ ಸುರುಳಿಯನ್ನೋ ಅದರೊಳಗಿನ ಜೋಡಣೆಯನ್ನೋ ಬದಲಿಸಬೇಕು. ನಾಲ್ಕನೆಯದು, ಕೊಳವೆಯನ್ನು ತಳ್ಳುವಷ್ಟೇ ಬಲ ಸುರುಳಿಯ ಮೇಲೂ ಬೀಳುತ್ತದೆ. ಹೊಡೆತ ತಿಂದು ತಿಂದು ಅದು ಬಿರುಕು ಬಿಡುತ್ತದೆ.

ಹಾಗಾಗಿ ಒಂದೇ ಬಗೆಯ ಭಾಗವನ್ನು ಸಾವಿರಗಟ್ಟಲೆ ಮಾಡುವ ಕಾರ್ಖಾನೆಗೆ ಇದು ಹೊಂದುತ್ತದೆ. ಅಂಥಲ್ಲಿ ಎರಡು ಲೋಹಗಳ ಬ್ರೇಜಿಂಗ್ ಮಾಡುವವರ ಕೆಲಸದ ಸ್ವರೂಪ ಬದಲಾಗಬಹುದು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಭಾಗವನ್ನು ಜೋಡಿಸಿ ಕೂರಿಸುವುದು, ಸಂದು ಸರಿಯಿದೆಯೇ ನೋಡುವುದು, ಬೆಸುಗೆ ಪರೀಕ್ಷಿಸುವುದು ಆಗಲೂ ಕೈ ಪಳಗಿದವರ ಕೆಲಸವೇ.

ಸಣ್ಣ ಕಾರ್ಖಾನೆಯವರಿಗೆ ಒಂದು ಮಾತು. ಇಂಥ ಯಂತ್ರ ಮಾರಲು ಯಾರಾದರೂ ಬಂದರೆ ಅವರ ವಿಡಿಯೊ ನೋಡಿ ಒಪ್ಪಬೇಡಿ. ನಿಮ್ಮದೇ ಭಾಗವನ್ನು ಬೆಸೆದು ಕೊಡಲು ಹೇಳಿ. ಅದನ್ನು ಉದ್ದಕ್ಕೆ ಕೊಯ್ದು ನೋಡಿ, ಎಳೆದು ಸಿಪ್ಪೆಯಂತೆ ಬಿಡಿಸಲು ಪ್ರಯತ್ನಿಸಿ, ಸೋರಿಕೆ ಪರೀಕ್ಷೆ ಮಾಡಿಸಿ. ಬರೀ ಬಿಗಿಯಾಗಿ ಕೂತದ್ದೋ ನಿಜವಾಗಿ ಬೆಸೆದದ್ದೋ ಆಗ ತಿಳಿಯುತ್ತದೆ. ತಯಾರಿಕಾ ತಂತ್ರಗಳ ಸಂಶೋಧನೆಗೆಂದೇ 1962ರಲ್ಲಿ ಆರಂಭವಾದ ಸಿಎಂಟಿಐ ಸಂಸ್ಥೆ ಇಲ್ಲೇ ತುಮಕೂರು ರಸ್ತೆಯಲ್ಲಿದೆ. ದುಡ್ಡು ಹಾಕುವ ಮುನ್ನ ಅಂಥ ಕಡೆ ತಿಳಿದವರನ್ನು ಕೇಳುವುದು ಒಳ್ಳೆಯದು.

ಮನೆಯಲ್ಲಿ ಮಾಡಬಹುದೇ?

ಬೇಡ. ಈ ಲೇಖನದಲ್ಲಿ ಒಂದೇ ಸಾಲು ನೆನಪಿಡುವುದಾದರೆ ಇದನ್ನೇ ನೆನಪಿಡಿ.

ರೈಲ್ವೆ ಹಳಿಯ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ, ಹತ್ತಿರ ಹೋಗಬಾರದು ಎಂಬುದು ನಮಗೆಲ್ಲ ಗೊತ್ತು. ಈ ಕೆಪಾಸಿಟರ್‌ಗಳೂ ಸಾವಿರಾರು ವೋಲ್ಟ್‌ನವೇ. ಪ್ಲಗ್ ಕಿತ್ತ ಮೇಲೂ ಅವುಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ನೋಡಿದರೆ ಆಫ್ ಆಗಿರುವ ಯಂತ್ರ, ಮುಟ್ಟಿದರೆ ಹೃದಯ ನಿಲ್ಲಿಸಬಹುದು.

ಮೈಕ್ರೋವೇವ್ ಓವನ್ ಟ್ರಾನ್ಸ್‌ಫಾರ್ಮರ್ ಇನ್ನೂ ಮೋಸದ್ದು. ಅದು ಸುಮಾರು 2,000 ವೋಲ್ಟ್ ಕೊಡುತ್ತದೆ. ಆ ಕಡೆಯ ತಂತಿ ಮುಟ್ಟಿ ಶಾಕ್ ಹೊಡೆದರೆ ಮನೆಯ ಟ್ರಿಪ್ ಸ್ವಿಚ್ ಕಾಪಾಡುತ್ತದೆ ಎಂದು ನಂಬುವಂತಿಲ್ಲ, ಅದಕ್ಕೆ ಇದು ಸೋರಿಕೆ ಎಂದೇ ತಿಳಿಯುವುದಿಲ್ಲ. ಅಮೆರಿಕದಲ್ಲಿ ಇದೇ ಟ್ರಾನ್ಸ್‌ಫಾರ್ಮರ್ ಬಳಸಿ ಮರದ ಮೇಲೆ ಮಿಂಚಿನಂಥ ಚಿತ್ತಾರ ಸುಡುವ ಹವ್ಯಾಸ ಹಬ್ಬಿತ್ತು. ಆನ್‌ಲೈನ್ ವಿಡಿಯೊ ನೋಡಿ ಅದನ್ನು ಮಾಡಲು ಹೋದ ಹಲವರು ಸತ್ತಿದ್ದಾರೆ.

ಜೊತೆಗೆ ಸರಿಯಾಗಿ ಕಟ್ಟದ ಸುರುಳಿ ಸಿಡಿದರೆ ಲೋಹದ ಚೂರುಗಳು ಗುಂಡಿನಂತೆ ಹಾರುತ್ತವೆ. ಕಾರ್ಖಾನೆಗಳಲ್ಲಿ ಯಂತ್ರದ ಸುತ್ತ ಗಟ್ಟಿ ಕವಚ, ಬಾಗಿಲು ತೆರೆದರೆ ತಾನೇ ವಿದ್ಯುತ್ ಬರಿದಾಗುವ ವ್ಯವಸ್ಥೆ ಇರಬೇಕಾಗುತ್ತದೆ. ಪೇಸ್‌ಮೇಕರ್ ಇರುವವರು ಹತ್ತಿರ ಸುಳಿಯಲೇಬಾರದು.

ಕೊನೆಗೆ

ಆ ವಿಡಿಯೊ ಮತ್ತೆ ಬಂದರೆ ‘ಸುಳ್ಳು’ ಎಂದು ತಳ್ಳಿಹಾಕುವ ಅಗತ್ಯವಿಲ್ಲ. ವಿಜ್ಞಾನ ನಿಜ. ಅದರ ಕೆಳಗೆ ಸೇರಿಸಿದ ಬರಹ ಸುಳ್ಳು. ಐಟಿಐ, ಡಿಪ್ಲೊಮಾ ಓದುವ ಹುಡುಗರು ಇರುವ ಗುಂಪಾದರೆ ವಿಡಿಯೊ ಜೊತೆ ಇಷ್ಟನ್ನು ಸೇರಿಸಿ ಕಳಿಸಿ: ‘ಇದು ಅಯಸ್ಕಾಂತದ ಸೆಳೆತವಲ್ಲ, ಡಿಕ್ಕಿಯ ಬೆಸುಗೆ. ಕಾರ್ಖಾನೆಯಲ್ಲಿ ನೋಡಿ ಕಲಿಯಿರಿ, ಮನೆಯಲ್ಲಿ ಮಾಡಬೇಡಿ.’