ಗೇಜು ಯಾರ ಕೈಯಲ್ಲಿ? ಕಾರ್ಖಾನೆಯ ಗುಣಮಟ್ಟ ನಡೆದು ಬಂದ ದಾರಿ

ಲೇತ್ ಮುಂದೆ ನಿಂತ ಆಪರೇಟರ್ ಟರ್ನಿಂಗ್ ಮುಗಿಸಿ ಒಂದು ಶಾಫ್ಟ್ ಇಳಿಸುತ್ತಾನೆ. ಡ್ರಾಯಿಂಗ್‌ನಲ್ಲಿ ವ್ಯಾಸ 20 ಮಿ.ಮೀ. ಎಂದಿದೆ, ಎಷ್ಟು ಹೆಚ್ಚುಕಡಿಮೆಯಾದರೆ ನಡೆಯುತ್ತದೆ ಎಂಬ ಟಾಲರೆನ್ಸೂ ಅದರಲ್ಲೇ ಇದೆ. ಆ ಪೀಸು ಓಕೆಯೋ ರಿಜೆಕ್ಟೋ ಎಂದು ಹೇಳಬೇಕಾದವರು ಯಾರು? ಮಾಡಿದವನೇ, ಇನ್‌ಸ್ಪೆಕ್ಟರೇ, ಗೋಡೆಗೆ ಅಂಟಿಸಿದ ನಕ್ಷೆಯೇ, ವರ್ಷಕ್ಕೊಮ್ಮೆ ಬರುವ ಆಡಿಟರೇ? ಗುಣಮಟ್ಟದ ಮಾನಕಗಳ ಚರಿತ್ರೆಯನ್ನು ಸಾಮಾನ್ಯವಾಗಿ ಸಂಖ್ಯೆಗಳ ಮತ್ತು ಪ್ರಮಾಣಪತ್ರಗಳ ಚರಿತ್ರೆಯಾಗಿ ಬರೆಯುತ್ತಾರೆ. ನನಗೆ ಅದು ಈ ತೀರ್ಪು ಹೇಳುವ ಅಧಿಕಾರ ಕೈಯಿಂದ ಕೈಗೆ ದಾಟಿದ ಚರಿತ್ರೆಯಾಗಿ ಕಾಣುತ್ತದೆ.

ಯಂತ್ರಯುಗದ ಆರಂಭದಲ್ಲಿ ಒಂದು ಕಾರ್ಖಾನೆಯ ಬೋಲ್ಟು ಇನ್ನೊಂದರ ನಟ್ಟಿಗೆ ಕೂರುತ್ತಿರಲಿಲ್ಲ. ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ 1841ರಲ್ಲಿ ಸ್ಕ್ರೂವಿನ ಎಳೆಗಳಿಗೆ 55 ಡಿಗ್ರಿ ಕೋನ ಮತ್ತು ನಿಗದಿತ ಅಳತೆಗಳನ್ನು ಸೂಚಿಸಿದ. ಒಂದು ದೇಶದ ಕಾರ್ಖಾನೆಗಳೆಲ್ಲ ಒಂದೇ ಅಳತೆ ಒಪ್ಪಿಕೊಳ್ಳುವ ಅಭ್ಯಾಸಕ್ಕೆ ಅದು ದೊಡ್ಡ ಚಾಲನೆ ಕೊಟ್ಟಿತು. ಬಂದೂಕು ತಯಾರಿಕೆಯ ಜೊತೆ ಬೆಳೆದ ಗೋ-ನೋಗೋ ಗೇಜು ಎರಡನೆಯ ಹೆಜ್ಜೆ. ಒಂದು ತುದಿ ರಂಧ್ರದೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಕೂಡದು. ಅಷ್ಟಾದರೆ ಪೀಸು ಪಾಸು. ಓದು ಬಾರದವನೂ ಇದನ್ನು ಬಳಸಬಹುದಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್‌ನ ಕಾರ್ಯವಿಭಜನೆ ಬಂದ ಮೇಲೆ ಆ ಗೇಜು ಕೆಲಸಗಾರನ ಕೈ ತಪ್ಪಿತು. ಮಾಡುವವನು ಬೇರೆ, ಪರೀಕ್ಷಿಸುವವನು ಬೇರೆ ಆದರು. ದೊಡ್ಡ ಕಾರ್ಖಾನೆಗಳಲ್ಲಿ ಇನ್‌ಸ್ಪೆಕ್ಷನ್ ಪ್ರತ್ಯೇಕ ಇಲಾಖೆಯಾಯಿತು. ಪೀಸು ಕೆಡುವವರೆಗೆ ಕಾಯುವುದು, ಕೆಟ್ಟದ್ದನ್ನು ಆರಿಸಿ ಸ್ಕ್ರ್ಯಾಪ್ ತೊಟ್ಟಿಗೆ ಹಾಕುವುದು: ಇದೇ ಗುಣಮಟ್ಟ ಎಂಬ ನಂಬಿಕೆ ಆಗ ಬೇರೂರಿತು. ಅದರಿಂದ ಆದ ಹಾನಿ ಈಗಲೂ ಪೂರ್ತಿ ತೀರಿಲ್ಲ ಎಂದೇ ನನ್ನ ಅಭಿಪ್ರಾಯ.

ಈ ನಂಬಿಕೆಯನ್ನು ಮೊದಲು ಅಲುಗಾಡಿಸಿದ್ದು ಒಂದು ಪುಟದ ಟಿಪ್ಪಣಿ. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ಟೆಲಿಫೋನ್ ಉಪಕರಣಗಳನ್ನು ಮಾಡುತ್ತಿತ್ತು. ಅಲ್ಲಿ ದುಡಿಯುತ್ತಿದ್ದ ಭೌತವಿಜ್ಞಾನಿ ವಾಲ್ಟರ್ ಶೂಹಾರ್ಟ್ 1924ರ ಮೇ 16ರಂದು ತನ್ನ ಮೇಲಧಿಕಾರಿಗೆ ಆ ಟಿಪ್ಪಣಿ ಕಳಿಸಿದ. ಅದರಲ್ಲೊಂದು ಪುಟ್ಟ ನಕ್ಷೆಯಿತ್ತು. ಇಂದು ಲೋಕದ ಕಾರ್ಖಾನೆಗಳಲ್ಲೆಲ್ಲ ಕಂಟ್ರೋಲ್ ಚಾರ್ಟ್ ಎನ್ನುವುದು ಅದನ್ನೇ.

ಅವನ ವಾದ ಸರಳ, ಆದರೆ ಆಳವಾದದ್ದು. ಎಷ್ಟೇ ಒಳ್ಳೆಯ ಯಂತ್ರವಾದರೂ ಎರಡು ಪೀಸು ತದ್ರೂಪವಾಗಿ ಬರುವುದಿಲ್ಲ. ಲೋಹದ ಗಡಸುತನ, ಎಣ್ಣೆಯ ಬಿಸಿ, ಬೇರಿಂಗಿನ ಸಡಿಲ ಹೀಗೆ ನೂರು ಸಣ್ಣ ಕಾರಣಗಳಿಂದ ಅಳತೆ ಒಂದಿಷ್ಟು ಆಚೀಚೆ ಆಗುತ್ತಲೇ ಇರುತ್ತದೆ. ಇದು ಆ ಪ್ರಕ್ರಿಯೆಯ ಸಹಜ ಸ್ವಭಾವ. ಇದರಾಚೆಗೆ ಹುಡುಕಿ ಹಿಡಿಯಬಹುದಾದ ಕಾರಣಗಳಿವೆ: ಟೂಲ್ ಸವೆದಿದೆ, ಬೇರೆ ಸರಕಿನ ಸರಳು ಬಂದಿದೆ, ಸೆಟ್ಟಿಂಗ್ ತಪ್ಪಿದೆ. ಗಂಟೆಗೊಮ್ಮೆ ನಾಲ್ಕೈದು ಪೀಸು ಅಳೆದು ಸರಾಸರಿಯನ್ನು ನಕ್ಷೆಯಲ್ಲಿ ಗುರುತಿಸುತ್ತಾ ಹೋದರೆ ಸಹಜ ಏರಿಳಿತ ಎರಡು ಗೆರೆಗಳ ನಡುವೆ ಉಳಿಯುತ್ತದೆ. ಚುಕ್ಕಿ ಗೆರೆ ದಾಟಿದರೆ, ಅಥವಾ ಒಂದೇ ದಿಕ್ಕಿಗೆ ಏರುತ್ತಾ ಹೋದರೆ, ಯಂತ್ರ ನಿಲ್ಲಿಸಿ ಕಾರಣ ಹುಡುಕಬೇಕು. ಗೆರೆಯೊಳಗಿದ್ದರೆ ಕೈ ಹಾಕಬಾರದು. ಈ ಎರಡನೆಯ ಮಾತು ಮೊದಲನೆಯದಕ್ಕಿಂತ ಬೆಲೆಯುಳ್ಳದ್ದು. ಒಂದು ಪೀಸು ತುಸು ದಪ್ಪ ಬಂತೆಂದು ಸೆಟ್ಟಿಂಗ್ ತಿರುವಿ, ಮುಂದಿನದು ತೆಳ್ಳಗೆ ಬಂತೆಂದು ಮತ್ತೆ ತಿರುವುವ ಆಪರೇಟರ್ ಒಳ್ಳೆಯ ಮನಸ್ಸಿನಿಂದಲೇ ಕೆಲಸ ಕೆಡಿಸುತ್ತಾನೆ. ಸಹಜ ಏರಿಳಿತಕ್ಕೆ ಅವನನ್ನು ಬೈಯುವ ಸೂಪರ್‌ವೈಸರ್ ಅದಕ್ಕಿಂತ ಹೆಚ್ಚು ಕೆಡಿಸುತ್ತಾನೆ. ಕೆಲಸಗಾರನ ತಪ್ಪು ಯಾವುದು, ವ್ಯವಸ್ಥೆಯ ತಪ್ಪು ಯಾವುದು ಎಂದು ಬೇರ್ಪಡಿಸುವ ಸಾಧನ ಮೊದಲ ಬಾರಿಗೆ ಸಿಕ್ಕಿದ್ದು ಇಲ್ಲಿ.

ಭಾರತಕ್ಕೆ ಈ ವಿಚಾರ ತಡವಾಗಿ ಬರಲಿಲ್ಲ. 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದ ಪಿ.ಸಿ. ಮಹಲನೋಬಿಸ್ ಅವರ ಕರೆಯ ಮೇರೆಗೆ ಶೂಹಾರ್ಟ್ 1947-48ರಲ್ಲಿ ಖುದ್ದಾಗಿ ಇಲ್ಲಿಗೆ ಬಂದಿದ್ದ. ಮುಂದಿನ ದಶಕದಲ್ಲಿ ಆ ಸಂಸ್ಥೆ ಕೈಗಾರಿಕಾ ನಗರಗಳಲ್ಲಿ ಗುಣ ನಿಯಂತ್ರಣ ಘಟಕಗಳನ್ನು ತೆರೆಯಿತು, ಬೆಂಗಳೂರಿನದು ಅವುಗಳಲ್ಲೊಂದು. ಅದೇ 1947ರ ಜನವರಿಯಲ್ಲಿ, ಸ್ವಾತಂತ್ರ್ಯಕ್ಕೂ ಮೊದಲೇ, ಭಾರತೀಯ ಮಾನಕ ಸಂಸ್ಥೆ ಹುಟ್ಟಿತ್ತು. ಮನೆಮನೆಯ ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ಮೇಲೆ ಕಾಣುವ ಐಎಸ್‌ಐ ಗುರುತು ಅದರದು. 1987ರಲ್ಲಿ ಅದು ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಆಯಿತು.

ಈ ಸಂಸ್ಥೆಯ ಮಾನಕಗಳ ಪಟ್ಟಿಯಲ್ಲಿ ಒಂದನೆಯ ಸಂಖ್ಯೆ ಸಿಕ್ಕಿರುವುದು ರಾಷ್ಟ್ರಧ್ವಜಕ್ಕೆ. 1951ರಲ್ಲಿ ಬಂದ ಐಎಸ್ 1 ಖಾದಿಯ ಧ್ವಜ ಹೇಗಿರಬೇಕೆಂದು ಹೇಳುತ್ತದೆ: ಅಗಲಕ್ಕೆ ಒಂದೂವರೆ ಪಟ್ಟು ಉದ್ದ, ಬಟ್ಟೆಯ ತೂಕ, ನೂಲಿನ ಎಣಿಕೆ, ಬಣ್ಣದ ಛಾಯೆ, ಬಿಸಿಲು ನೀರಿಗೆ ಬಣ್ಣ ತಾಳುವ ಶಕ್ತಿ, 24 ಅರೆಗಳ ಚಕ್ರ. ಈ ಮಾನಕದ ಪ್ರಕಾರ ಧ್ವಜ ತಯಾರಿಸುವ ಪರವಾನಗಿ ಪಡೆದಿರುವುದು ಹುಬ್ಬಳ್ಳಿಯ ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ. ಬಾಗಲಕೋಟೆ ಸೀಮೆಯ ತುಳಸಿಗೇರಿಯಲ್ಲಿ ನೇಯ್ದ ಬಟ್ಟೆ ಇಲ್ಲಿ ಬಣ್ಣ, ಕತ್ತರಿ, ಚಕ್ರದ ಅಚ್ಚು, ಹೊಲಿಗೆ ಹೀಗೆ ಹಂತ ಹಂತವಾಗಿ ಧ್ವಜವಾಗುತ್ತದೆ. ದುಡಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಚಕ್ರದ ಎರಡು ಬದಿಯ ಅಚ್ಚು ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಕೂದಲೆಳೆ ಸರಿದರೂ ಧ್ವಜ ಹೋಯಿತು. ಅದನ್ನು ಯಾವ ಇನ್‌ಸ್ಪೆಕ್ಟರೂ ಆಮೇಲೆ ಸರಿಪಡಿಸಲಾರ. ಅಚ್ಚು ಒತ್ತುವ ಹೊತ್ತಿಗೇ ಗುಣಮಟ್ಟ ತೀರ್ಮಾನವಾಗಿರುತ್ತದೆ. ಕೈಮಗ್ಗದ ಕೆಲಸಕ್ಕೆ ಮಾನಕ ಒಗ್ಗುವುದಿಲ್ಲ ಎನ್ನುವವರು ಬೆಂಗೇರಿಯನ್ನು ಗಮನಿಸಬೇಕು. 2021ರ ಕೊನೆಯಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ತಂದು ಯಂತ್ರದಲ್ಲಿ ಮಾಡಿದ ಪಾಲಿಸ್ಟರ್ ಧ್ವಜಕ್ಕೂ ಅವಕಾಶ ಕೊಟ್ಟದ್ದು ಇಷ್ಟು ಕಷ್ಟಪಟ್ಟು ಕಾಯ್ದುಕೊಂಡ ಕಸುಬಿಗೆ ಕೊಟ್ಟ ಪೆಟ್ಟು.

ಗುಣಮಟ್ಟದ ಚರಿತ್ರೆಯೊಂದಿಗೆ ನಮಗಿರುವ ಇನ್ನೊಂದು ಕೊಂಡಿ ಇದಕ್ಕಿಂತ ಕಡಿಮೆ ಜನಕ್ಕೆ ಗೊತ್ತು. 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿ 2023ರಲ್ಲಿ ತೀರಿಕೊಂಡ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರು 1947ರಲ್ಲಿ ಆರ್ಥೊಗೊನಲ್ ಅರೇ ಎಂಬ ಪ್ರಯೋಗ ಜೋಡಣೆಯ ಗಣಿತವನ್ನು ಪ್ರಕಟಿಸಿದರು. ಒಂದು ಸರಕಿನ ಗುಣ ಏಳು ಅಂಶಗಳನ್ನು ಅವಲಂಬಿಸಿದೆ, ಪ್ರತಿಯೊಂದಕ್ಕೂ ಎರಡು ಆಯ್ಕೆ ಇದೆ ಎನ್ನಿ. ಎಲ್ಲ ಸಂಯೋಜನೆಗಳನ್ನೂ ನೋಡಹೊರಟರೆ 128 ಪ್ರಯೋಗ ಬೇಕು. ಜೋಡಣೆ ಸರಿಯಾಗಿದ್ದರೆ ಪ್ರತಿ ಅಂಶದ ಮುಖ್ಯ ಪರಿಣಾಮ ತಿಳಿಯಲು ಎಂಟೇ ಸಾಕು. ಜಪಾನಿನ ಎಂಜಿನಿಯರ್ ಗೆನಿಚಿ ತಗುಚಿ ಈ ಬಗೆಯ ಜೋಡಣೆಯನ್ನು ಕಾರ್ಖಾನೆಯ ಆಯುಧವಾಗಿಸಿದ. 1953ರಲ್ಲಿ ಇನಾ ಎಂಬ ಟೈಲ್ಸ್ ಕಂಪನಿಯಲ್ಲಿ ಭಟ್ಟಿಯ ಬಿಸಿ ಎಲ್ಲೆಡೆ ಒಂದೇ ಸಮ ಇಲ್ಲದೆ ಟೈಲ್ಸುಗಳ ಅಳತೆ ಏರುಪೇರಾಗುತ್ತಿತ್ತು. ಹೊಸ ಭಟ್ಟಿಗೆ ದುಡ್ಡು ಸುರಿಯುವ ಬದಲು, ಮಣ್ಣಿನಲ್ಲಿ ಸುಣ್ಣದ ಪ್ರಮಾಣ ಹೆಚ್ಚಿಸಿದರೆ ಬಿಸಿಯ ಏರುಪೇರನ್ನು ಟೈಲ್ಸು ತಾಳಿಕೊಳ್ಳುತ್ತದೆ ಎಂದು ಪ್ರಯೋಗಗಳು ತೋರಿಸಿದವು. 1954-55ರಲ್ಲಿ ತಗುಚಿ ಕಲ್ಕತ್ತೆಯ ಸಂಸ್ಥೆಗೆ ಅತಿಥಿ ಪ್ರಾಧ್ಯಾಪಕನಾಗಿ ಬಂದಿದ್ದ. ದಶಕಗಳ ನಂತರ ನಮ್ಮ ಕಾರ್ಖಾನೆಗಳು ತಗುಚಿ ವಿಧಾನವನ್ನು ಜಪಾನಿನ ವಿದ್ಯೆ ಎಂದು ಕಲಿತವು. ನಮ್ಮ ಗಣಿತಜ್ಞರಿಗೂ ನಮ್ಮ ಶಾಪ್ ಫ್ಲೋರಿಗೂ ನಡುವೆ ಆಗ ಸಾಕಷ್ಟು ದಾರಿ ಇರಲಿಲ್ಲ ಎನ್ನುವುದು ನೋವಿನ ಸಂಗತಿ.

ಜಪಾನ್ ಆ ದಾರಿಯನ್ನು ಕಟ್ಟಿತ್ತು. ಅಮೆರಿಕದ ಗುಣಮಟ್ಟ ತಜ್ಞರಾದ ಎಡ್ವರ್ಡ್ಸ್ ಡೆಮಿಂಗ್ 1950ರಲ್ಲಿ, ಜೋಸೆಫ್ ಜುರಾನ್ 1954ರಲ್ಲಿ ಅಲ್ಲಿಗೆ ಹೋಗಿ ಪಾಠ ಹೇಳಿದರು. ಆದರೆ ಪಾಠವನ್ನು ಎಂಜಿನಿಯರುಗಳ ಕೋಣೆಯಿಂದ ಯಂತ್ರದ ಬಳಿಗೆ ಒಯ್ದವನು ಕೌರು ಇಶಿಕಾವಾ. 1962ರಲ್ಲಿ ಶುರುವಾದ ಗುಣಮಟ್ಟದ ವೃತ್ತಗಳಲ್ಲಿ ಒಂದೇ ವಿಭಾಗದ ಕೆಲಸಗಾರರು ಕೂತು ತಮ್ಮದೇ ರಿಜೆಕ್ಷನ್ನಿನ ಕಾರಣಗಳನ್ನು ಮೀನಿನ ಮುಳ್ಳಿನಾಕಾರದ ಚಿತ್ರದಲ್ಲಿ ಬರೆದು ಹುಡುಕಿದರು. ಟೊಯೊಟಾದ ಹಿರಿಯ ಸಾಕಿಚಿ ಟೊಯೊಡಾ 1920ರ ದಶಕದಲ್ಲೇ ನೂಲು ಕಡಿದ ಕೂಡಲೇ ತಾನಾಗಿ ನಿಲ್ಲುವ ಮಗ್ಗ ಮಾಡಿದ್ದ. ದೋಷ ಕಂಡ ಕೆಲಸಗಾರ ಹಗ್ಗ ಎಳೆದು ಇಡೀ ಲೈನ್ ನಿಲ್ಲಿಸಬಹುದು ಎಂಬ ಕಾರು ಕಾರ್ಖಾನೆಯ ಪದ್ಧತಿ ಅದೇ ವಿಚಾರದ ಮುಂದುವರಿಕೆ.

ಜಪಾನಿನದೇ ಎಂಜಿನಿಯರ್ ಶಿಗಿಯೊ ಶಿಂಗೊ 1961ರಲ್ಲಿ ಕಂಡುಕೊಂಡ ಉಪಾಯ ನನಗೆ ಈ ಕ್ಷೇತ್ರದ ಅತ್ಯಂತ ಮಾನವೀಯ ಆವಿಷ್ಕಾರ ಅನಿಸುತ್ತದೆ. ಒಂದು ಸಣ್ಣ ಸ್ವಿಚ್ಚಿನ ಗುಂಡಿಗಳ ಕೆಳಗೆ ಎರಡು ಸ್ಪ್ರಿಂಗ್ ಇಡಬೇಕು. ಕೆಲಸಗಾರರು ಆಗೀಗ ಒಂದನ್ನು ಮರೆಯುತ್ತಿದ್ದರು. ಗದರಿದರೆ ಕೆಲವು ದಿನ ಸರಿಹೋಗಿ ಮತ್ತೆ ಅದೇ ಕಥೆ. ಶಿಂಗೊ ಹೇಳಿದ್ದಿಷ್ಟೇ: ಜೋಡಿಸುವ ಮುನ್ನ ಎರಡು ಸ್ಪ್ರಿಂಗ್ ತೆಗೆದು ಒಂದು ತಟ್ಟೆಯಲ್ಲಿಡಿ. ಜೋಡಣೆ ಮುಗಿದಾಗ ತಟ್ಟೆಯಲ್ಲಿ ಸ್ಪ್ರಿಂಗ್ ಉಳಿದಿದ್ದರೆ ಮರೆತಿದ್ದೀರಿ ಎಂದರ್ಥ. ಮನುಷ್ಯ ಮರೆಯುತ್ತಾನೆ ಎಂಬುದನ್ನು ತಪ್ಪೆಂದು ನೋಡದೆ ಸತ್ಯವೆಂದು ಒಪ್ಪಿಕೊಂಡು ಕೆಲಸವನ್ನು ರೂಪಿಸಿದ ಕ್ರಮವಿದು. ಇದಕ್ಕೆ ತಗುಲಿದ ಖರ್ಚು ಒಂದು ತಟ್ಟೆ.

ಇದೇ ಹೊತ್ತಿಗೆ ಪಶ್ಚಿಮದಲ್ಲಿ ಬೇರೊಂದು ಧಾರೆ ಬೆಳೆಯುತ್ತಿತ್ತು. ಅಮೆರಿಕದ ಸೇನೆ 1959ರಲ್ಲಿ ತನ್ನ ಸರಬರಾಜುದಾರರಿಗೆ ಗುಣಮಟ್ಟದ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. ಬ್ರಿಟನ್ 1979ರಲ್ಲಿ ಬಿಎಸ್ 5750 ತಂದಿತು. ಅದರ ಆಧಾರದ ಮೇಲೆ 1987ರಲ್ಲಿ ಐಎಸ್ಒ 9000 ಸರಣಿ ಬಂತು. ಇದು ಪೀಸನ್ನು ಅಳೆಯುವುದಿಲ್ಲ. ಕಂಪನಿ ತಾನು ಹೇಳಿದಂತೆ ಕೆಲಸ ಮಾಡುತ್ತಿದೆಯೇ, ಅದಕ್ಕೆ ದಾಖಲೆ ಇದೆಯೇ ಎಂದು ಕೇಳುತ್ತದೆ. ಉದ್ದೇಶ ಒಳ್ಳೆಯದೇ. 1991ರ ಉದಾರೀಕರಣದ ನಂತರ ರಫ್ತು ಮಾಡುವವರಿಗೆ ಈ ಪ್ರಮಾಣಪತ್ರ ಬಾಗಿಲಿನ ಚೀಟಿಯಂತಾಯಿತು. ಆಗ ನಮ್ಮಲ್ಲಿ ಒಂದು ಕೆಟ್ಟ ಅಭ್ಯಾಸ ಹುಟ್ಟಿತು: ಆಡಿಟ್ ಹಿಂದಿನ ವಾರ ರಿಜಿಸ್ಟರ್ ತುಂಬುವುದು. ಮೂರು ತಿಂಗಳ ರೀಡಿಂಗ್‌ಗಳನ್ನು ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಬರೆದು ಮುಗಿಸುವುದು. 2015ರ ಪರಿಷ್ಕರಣೆ ಕ್ವಾಲಿಟಿ ಮ್ಯಾನುಯಲ್ ಕಡ್ಡಾಯವಲ್ಲ ಎಂದ ಮೇಲೂ ದಪ್ಪ ಫೈಲುಗಳು ಕಪಾಟಿನಿಂದ ಇಳಿದಿಲ್ಲ. ಶೂಹಾರ್ಟ್‌ನ ನಕ್ಷೆ ಯಂತ್ರದ ಪಕ್ಕದಲ್ಲಿ ಆ ಕ್ಷಣಕ್ಕೆ ಬೇಕಾದದ್ದು. ಆಫೀಸಿನಲ್ಲಿ ಆಮೇಲೆ ತುಂಬಿದ ನಕ್ಷೆ ಸುಳ್ಳುಸಾಕ್ಷಿ.

ಕರ್ನಾಟಕಕ್ಕೆ ಈ ಕ್ಷೇತ್ರದಲ್ಲಿ ಒಳ್ಳೆಯ ಬುನಾದಿ ಇದೆ. 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್ಎಂಟಿ ಮೊದಲು ಯಂತ್ರೋಪಕರಣ, 1961ರಿಂದ ಕೈಗಡಿಯಾರ ಮಾಡುತ್ತಾ ನಿಖರ ಕೆಲಸವನ್ನು ಒಂದು ತಲೆಮಾರಿಗೆ ಕಲಿಸಿತು. ಬೆಂಗಳೂರಿನ ಮೈಕೊ ಕಂಪನಿಯ ಡೀಸೆಲ್ ಪಂಪಿನ ಭಾಗಗಳಲ್ಲಿ ಮೈಕ್ರಾನ್ ಲೆಕ್ಕದ ಸಂದು ದಿನನಿತ್ಯದ ಮಾತಾಗಿತ್ತು. 1962ರಲ್ಲಿ ಬಂದ ಯಂತ್ರೋಪಕರಣ ಸಂಶೋಧನಾ ಸಂಸ್ಥೆ ಸಿಎಂಟಿಐ ಅಳತೆಯ ವಿಜ್ಞಾನಕ್ಕೆ ನೆಲೆಯಾಯಿತು. ಈ ಸಂಸ್ಥೆಗಳಲ್ಲಿ ತರಬೇತಿ ಪಡೆದು ಹೊರಬಂದವರಲ್ಲಿ ಹಲವರು ಪೀಣ್ಯದಲ್ಲಿ ಸ್ವಂತ ಶೆಡ್ ಹಾಕಿದರು. ಗುಣಮಟ್ಟದ ವೃತ್ತಗಳು ದೇಶಕ್ಕೆ 1980ರ ಸುಮಾರಿಗೆ ಹೈದರಾಬಾದಿನ ಬಿಎಚ್ಇಎಲ್ ಮೂಲಕ ಬಂದವು. 1998ರಲ್ಲಿ ತಮಿಳುನಾಡಿನ ಸುಂದರಂ ಕ್ಲೇಟನ್ ಕಂಪನಿ ಗುಣಮಟ್ಟಕ್ಕಾಗಿ ಜಪಾನ್ ಕೊಡುವ ಡೆಮಿಂಗ್ ಪ್ರಶಸ್ತಿ ಪಡೆಯಿತು. ಮರುವರ್ಷ ಬಿಡದಿಯಲ್ಲಿ ಟೊಯೊಟಾ ಕಾರು ತಯಾರಿಕೆ ಶುರುವಾಗಿ, ಸುತ್ತಲಿನ ಬಿಡಿಭಾಗದ ಘಟಕಗಳೂ ಆ ಶಿಸ್ತಿಗೆ ಒಗ್ಗಿಕೊಳ್ಳಬೇಕಾಯಿತು. ಬೆಳಗಾವಿಯ ಫೌಂಡ್ರಿಗಳಿಗೆ ಈಗ ವಾಹನ ಉದ್ಯಮದ ಕಟ್ಟುನಿಟ್ಟಿನ ಮಾನಕಗಳು ಹೊಸದಲ್ಲ. ಸಣ್ಣ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ 2016ರಲ್ಲಿ ತಂದ ಝೆಡ್ (ಝೀರೊ ಡಿಫೆಕ್ಟ್, ಝೀರೊ ಎಫೆಕ್ಟ್) ಯೋಜನೆ 2022ರಲ್ಲಿ ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ಹಂತಗಳಲ್ಲಿ ಹೊಸದಾಗಿ ಬಂದಿದೆ.

ಈಗ ದೋಷ ಹಿಡಿಯಲು ಕ್ಯಾಮೆರಾ ಬಂದಿದೆ, ಸೆನ್ಸರ್ ಬಂದಿದೆ. ಅವು ಬೇಕು. ಆದರೆ ಯಂತ್ರದ ಮುಂದೆ ನಿಂತಿರುವವರಲ್ಲಿ ದೊಡ್ಡ ಪಾಲು ಕಾಂಟ್ರಾಕ್ಟ್ ಕಾರ್ಮಿಕರು. ಆರು ತಿಂಗಳಿಗೆ ಬದಲಾಗುವ ಹುಡುಗನಿಗೆ ನಕ್ಷೆ ಓದುವುದನ್ನು ಕಲಿಸಲು ಯಾರೂ ಸಮಯ ಕೊಡುವುದಿಲ್ಲ. ಕಲಿತರೂ, ಯಂತ್ರ ನಿಲ್ಲಿಸಿದರೆ ಅವನ ಟಾರ್ಗೆಟ್ ಹೋಗುತ್ತದೆ, ಇನ್ಸೆಂಟಿವ್ ಹೋಗುತ್ತದೆ, ಕೆಲವೊಮ್ಮೆ ನಾಳಿನ ಕೆಲಸವೇ ಹೋಗುತ್ತದೆ. ಇಂಥ ಕಡೆ ಯಾವ ಪ್ರಮಾಣಪತ್ರ ತೂಗುಹಾಕಿದರೂ ಕೆಟ್ಟ ಪೀಸು ಮುಂದೆ ಹೋಗಿಯೇ ತೀರುತ್ತದೆ.

ಕಾರ್ಖಾನೆ ನಡೆಸುವವರಲ್ಲಿ, ಕ್ವಾಲಿಟಿ ವಿಭಾಗದ ಹೊಣೆ ಹೊತ್ತವರಲ್ಲಿ ನನ್ನ ಕೋರಿಕೆ ಇದು. ಮುಂದಿನ ಆಡಿಟ್‌ಗೆ ಮೊದಲು ಕೆಲಸಗಾರರ ಕೈಗೆ ಎರಡು ಮಾತು ಬರಹದಲ್ಲಿ ಕೊಡಿ: ದೋಷ ಕಂಡರೆ ಯಂತ್ರ ನಿಲ್ಲಿಸುವ ಅಧಿಕಾರ ನಿಮಗಿದೆ, ನಿಲ್ಲಿಸಿದ ಹೊತ್ತಿಗೆ ನಿಮ್ಮ ಕೂಲಿಯಲ್ಲಾಗಲಿ ಇನ್ಸೆಂಟಿವ್‌ನಲ್ಲಾಗಲಿ ಒಂದು ರೂಪಾಯಿಯೂ ಕಡಿತವಾಗುವುದಿಲ್ಲ. ಕಾಯಂ ಕೆಲಸಗಾರರಿಗೂ ಕಾಂಟ್ರಾಕ್ಟಿನವರಿಗೂ ಒಂದೇ ಸಮ, ಕನ್ನಡದಲ್ಲಿ, ಯಂತ್ರದ ಪಕ್ಕದಲ್ಲೇ ಅದನ್ನು ಹಾಕಿಸಿ.