ಮೂರನೇ ದಿನಕ್ಕೆ ಎತ್ತಂಗಡಿ

2000ದ ಜೂನ್ 28ರಂದು ಫ್ರಾನ್ಸಿನಲ್ಲಿ ‘ಬೆಜ್ ಮ್ವಾ’ ತೆರೆಕಂಡಿತು. 30ರಂದು ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ‘ಕೊನ್ಸೇ ದೆತಾ’ ಅದರ ಪ್ರದರ್ಶನ ಪರವಾನಗಿಯನ್ನೇ ರದ್ದುಮಾಡಿತು.

ಕತೆ ಕಟುವಾದದ್ದು. ಅತ್ಯಾಚಾರಕ್ಕೊಳಗಾದ ಮಾನ್ಯೂ, ಮೈಮಾರಿ ಬದುಕುವ ನದೀನ್ ಆಕಸ್ಮಿಕವಾಗಿ ಜೊತೆಯಾಗುತ್ತಾರೆ. ಕಾರಿನಲ್ಲಿ ಊರೂರು ಅಲೆಯುತ್ತಾರೆ, ದೋಚುತ್ತಾರೆ, ಕೊಲ್ಲುತ್ತಾರೆ. ಸತ್ತವರಲ್ಲಿ ಅವರಿಗೆ ಯಾವ ಕೇಡೂ ಮಾಡದವರಿದ್ದಾರೆ, ಹೆಂಗಸರೂ ಇದ್ದಾರೆ. ಸೇಡಿನ ಚಿತ್ರಗಳಲ್ಲಿ ಖಳನಿಗೆ ಶಾಸ್ತಿಯಾದಾಗ ನೋಡುಗನಿಗೆ ಸಿಗುವ ಸಮಾಧಾನ ಇಲ್ಲಿ ಸಿಗುವುದೇ ಇಲ್ಲ. ಚಿತ್ರದ ನಿಜವಾದ ಧೈರ್ಯ ಇರುವುದು ಅಲ್ಲೇ.

ವಿರ್ಜಿನಿ ದೆಪಾಂತ್ ತಮ್ಮದೇ ಕಾದಂಬರಿಯನ್ನು ಕೊರಾಲಿ ತ್ರಿನ್ ತಿ ಜೊತೆ ಸೇರಿ ತೆರೆಗೆ ತಂದರು. ತ್ರಿನ್ ತಿಯೂ ಇಬ್ಬರು ನಾಯಕಿಯರೂ ನೀಲಿಚಿತ್ರಗಳಲ್ಲಿ ದುಡಿದವರು. ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ ಈ ಚಿತ್ರದ ಕಾಮದ ದೃಶ್ಯಗಳು ನಟನೆಯಲ್ಲ. 17ರ ವಯಸ್ಸಿನಲ್ಲಿ ತಮ್ಮ ಮೇಲಾದ ಅತ್ಯಾಚಾರದ ಬಗ್ಗೆ ದೆಪಾಂತ್ 2006ರ ‘ಕಿಂಗ್ ಕಾಂಗ್ ತೆಯೊರಿ’ಯಲ್ಲಿ ಬಿಚ್ಚಿ ಬರೆದರು. ಚಿತ್ರದ ಸಿಟ್ಟು ಬಂದದ್ದು ಎಲ್ಲಿಂದ ಎಂಬುದು ಅದನ್ನು ಓದಿದವರಿಗೆ ತಿಳಿಯುತ್ತದೆ.

ಸಂಸ್ಕೃತಿ ಇಲಾಖೆ 16ರೊಳಗಿನವರಿಗೆ ಪ್ರವೇಶವಿಲ್ಲ ಎಂದು ಹೇಳಿ ಪರವಾನಗಿ ಕೊಟ್ಟಿತ್ತು. ಸಾಂಪ್ರದಾಯಿಕ ಮೌಲ್ಯಗಳ ಕಾವಲಿಗೆಂದು ಹುಟ್ಟಿದ ‘ಪ್ರೊಮುವಾರ್’ ಎಂಬ ಸಂಘ ಕೋರ್ಟಿಗೆ ಹೋಯಿತು. ತೊಡಕು ಕಾನೂನಿನಲ್ಲೇ ಇತ್ತು. 1990ರಲ್ಲಿ ಸರ್ಕಾರ 18ರ ಮಿತಿಯನ್ನು ತೆಗೆದು 16ಕ್ಕೆ ಇಳಿಸಿತ್ತು. ಅದರ ಮೇಲೆ ಉಳಿದದ್ದು 1975ರ ಕಾಯ್ದೆಯ ‘ಎಕ್ಸ್’ ಪಟ್ಟಿ ಮಾತ್ರ. ಆ ಪಟ್ಟಿಗೆ ಸೇರಿದ ಚಿತ್ರಕ್ಕೆ ಹೆಚ್ಚಿನ ತೆರಿಗೆ ಬೀಳುತ್ತಿತ್ತು, ಸರ್ಕಾರದ ನೆರವು ಇರಲಿಲ್ಲ, ಮೀಸಲಾದ ಚಿತ್ರಮಂದಿರಗಳ ಹೊರಗೆ ಅದನ್ನು ತೋರಿಸುವಂತಿರಲಿಲ್ಲ. 16 ದಾಟಿದ ಹುಡುಗರನ್ನು ತಡೆಯಲು ನ್ಯಾಯಾಲಯಕ್ಕೆ ಬೇರೆ ದಾರಿ ಕಾಣಲಿಲ್ಲ.

ಆದರೆ ನ್ಯಾಯಾಲಯ ಅಷ್ಟಕ್ಕೇ ನಿಲ್ಲಲಿಲ್ಲ. ಹೆಂಗಸರ ಮೇಲಿನ ಹಿಂಸೆಯನ್ನು ಖಂಡಿಸುವುದು ತಮ್ಮ ಉದ್ದೇಶವೆಂದು ನಿರ್ದೇಶಕಿಯರು ಹೇಳಿಕೊಂಡರೂ ಚಿತ್ರದ ಉಳಿದ ದೃಶ್ಯಗಳಲ್ಲಿ ಅದು ಕಾಣುವುದಿಲ್ಲ ಎಂದಿತು. ವಯಸ್ಸಿನ ಮಿತಿ ಕಾನೂನಿನ ಪ್ರಶ್ನೆ, ಅದನ್ನು ಒಪ್ಪಬಹುದು. ಸಂತ್ರಸ್ತೆಯ ಸಿಟ್ಟು ಯಾವ ರೂಪದಲ್ಲಿ ತೋರಿದರೆ ಅದು ಖಂಡನೆ ಎನಿಸಿಕೊಳ್ಳುತ್ತದೆ ಎಂಬುದನ್ನು ನ್ಯಾಯಾಧೀಶರು ತೀರ್ಮಾನಿಸಹೊರಟದ್ದು ಅತಿಯಾಯಿತು.

ನಿರ್ದೇಶಕಿ ಕ್ಯಾಥರೀನ್ ಬ್ರೇಯಾ ಮುಂತಾದವರು ಪ್ರತಿಭಟನೆಗಿಳಿದರು. 2001ರ ಜುಲೈಯಲ್ಲಿ ಸಂಸ್ಕೃತಿ ಮಂತ್ರಿ ಕ್ಯಾಥರೀನ್ ತಾಸ್ಕಾ ಅವರ ಕಾಲದಲ್ಲಿ 18ರ ಮಿತಿ ಮರಳಿ ಬಂತು. ಮರುತಿಂಗಳೇ ಚಿತ್ರ ಮತ್ತೆ ತೆರೆಗೆ ಬಂತು. ಆಸ್ಟ್ರೇಲಿಯಾ 2002ರಲ್ಲಿ ಅದನ್ನು ನಿಷೇಧಿಸಿತು. ಬ್ರಿಟನ್ನಿನ ಚಿತ್ರ ವರ್ಗೀಕರಣ ಮಂಡಳಿ ಮೊದಲು ಕತ್ತರಿ ಹಾಕಿ, 2013ರಲ್ಲಿ ಪೂರ್ತಿಯಾಗಿ ಬಿಟ್ಟಿತು.

ಪ್ರೊಮುವಾರ್ ಕೋರ್ಟಿನ ದಾರಿ ಬಿಡಲಿಲ್ಲ. 2015ರಲ್ಲಿ ಗಾಸ್ಪಾರ್ ನೋಯೆ ಅವರ ‘ಲವ್’ ಚಿತ್ರವನ್ನು ಕೋರ್ಟು 16ರಿಂದ 18ರ ಮಿತಿಗೆ ಏರಿಸುವಂತೆ ಮಾಡಿತು. 2017ರಲ್ಲಿ ಸರ್ಕಾರ ನಿಯಮವನ್ನು ಮತ್ತೆ ತಿದ್ದಿತು: ಕಾಮದ ದೃಶ್ಯ ನಟನೆಯಲ್ಲ ಎಂಬ ಒಂದೇ ಕಾರಣಕ್ಕೆ ಚಿತ್ರವೊಂದು 18ರ ಮಿತಿಗೆ ತಾನಾಗಿ ಸೇರಬೇಕಿಲ್ಲ.