ಕೇಳಿದ್ದು ವಿದ್ಯುತ್ತು, ಕಡಲು ಕೊಟ್ಟದ್ದು ನೀರು

ತುಮಕೂರು ರಸ್ತೆಯಲ್ಲಿ ಪೀಣ್ಯ ದಾಟಿ ಮಾಕಳಿಯತ್ತ ಸಾಗಿದರೆ ಇಕ್ಕೆಲಗಳಲ್ಲೂ ಕಾರ್ಖಾನೆಗಳು ಕಾಣುತ್ತವೆ. ಬಾಯ್ಲರಿನ ಬಳಿ ದುಡಿದ ಕಾರ್ಮಿಕನಿಗೆ ಒಂದು ಸಂಗತಿಯನ್ನು ಪುಸ್ತಕ ನೋಡಿ ಕಲಿಯಬೇಕಾದ ಅಗತ್ಯವಿಲ್ಲ. ಉಗಿಯಂತ್ರ ತಿರುಗಬೇಕಾದರೆ ಒಂದು ಕಡೆ ಬಿಸಿ ಇದ್ದರೆ ಸಾಲದು, ಇನ್ನೊಂದು ಕಡೆ ತಂಪೂ ಇರಬೇಕು. ಬಿಸಿಯಿಂದ ತಂಪಿನ ಕಡೆಗೆ ಶಾಖ ಹರಿಯುವಾಗ ನಡುದಾರಿಯಲ್ಲಿ ಅದರಿಂದ ಕೆಲಸ ಮಾಡಿಸಿಕೊಳ್ಳುವುದೇ ಯಂತ್ರದ ಗುಟ್ಟು.

ಈ ಗುಟ್ಟು ತಿಳಿದವರ ಕಣ್ಣಿಗೆ ಉಷ್ಣವಲಯದ ಕಡಲು ಬಹುದೊಡ್ಡ ಬಾಯ್ಲರಿನಂತೆ ಕಂಡರೆ ಆಶ್ಚರ್ಯವಿಲ್ಲ. ನಮ್ಮ ಪಡುವಣ ಕಡಲಿನ ಮೇಲ್ಪದರ ವರ್ಷದ ಬಹುಕಾಲ 28 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಅದೇ ಜಾಗದಲ್ಲಿ ಒಂದು ಕಿಲೋಮೀಟರ್ ಕೆಳಗಿಳಿದರೆ ನೀರು 10 ಡಿಗ್ರಿಗಿಂತಲೂ ತಣ್ಣಗಿರುತ್ತದೆ. ಮೇಲೆ ಬಿಸಿ, ಕೆಳಗೆ ತಂಪು. ಸೌದೆ ಬೇಡ, ಕಲ್ಲಿದ್ದಲು ಬೇಡ, ಹೊಗೆಯೂ ಇಲ್ಲ. ಭೂಮಿಯ ತಾಪ ಏರುತ್ತಿರುವ ಈ ದಿನಗಳಲ್ಲಿ ಇಂಥ ಶಕ್ತಿಮೂಲದ ಮಾತು ಮತ್ತೆ ಮತ್ತೆ ಕೇಳಿಬರುವುದು ಸಹಜ. ಭಾರತವೂ ಇದರ ಬೆನ್ನುಹತ್ತಿ ಹೋಯಿತು. ಆದರೆ ಹುಡುಕಿದ ವಿದ್ಯುತ್ತಿನ ಬದಲು ಅದಕ್ಕೆ ಸಿಕ್ಕಿದ್ದು ಕುಡಿಯುವ ನೀರು. ಒಂದು ಕಾಲಕ್ಕೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದ ದ್ವೀಪಗಳಿಗೂ ಆ ನೀರು ತಲುಪಿತೆಂಬುದು ಕನ್ನಡಿಗರಿಗೆ ವಿಶೇಷ ಆಸಕ್ತಿಯ ವಿಷಯ.

ನೂರು ವರ್ಷ ಮೀರಿದ ಕನಸು

ಕಡಲಿನ ಈ ಉಷ್ಣಾಂಶದ ಅಂತರದಿಂದ ವಿದ್ಯುತ್ ತೆಗೆಯಬಹುದೆಂದು 1881ರಲ್ಲಿ ಮೊದಲು ಸೂಚಿಸಿದವನು ಫ್ರಾನ್ಸಿನ ವಿಜ್ಞಾನಿ ಝಾಕ್ ದಾರ್ಸನ್‌ವಾಲ್. ಅದನ್ನು ಕಡಲಿಗಿಳಿಸಿ ನೋಡಿದವನು ನಿಯಾನ್ ದೀಪದಿಂದ ಹೆಸರಾದ ಝಾರ್ಜ್ ಕ್ಲೋದ್. 1930ರಲ್ಲಿ ಆತ ಕ್ಯೂಬಾದ ಮತಾಂಝಾಸ್ ಕೊಲ್ಲಿಯಲ್ಲಿ 22 ಕಿಲೋವಾಟ್ ವಿದ್ಯುತ್ತನ್ನು ಉತ್ಪಾದಿಸಿ ತೋರಿಸಿದ. ಆದರೆ ಅವನ ಯಂತ್ರ ಕೊಟ್ಟದ್ದಕ್ಕಿಂತ ಹೆಚ್ಚು ವಿದ್ಯುತ್ತನ್ನು ಅದರ ಪಂಪುಗಳೇ ಕುಡಿಯುತ್ತಿದ್ದವು. ಸ್ವಲ್ಪ ಕಾಲದಲ್ಲೇ ಆಳದ ನೀರು ತರುವ ಕೊಳವೆಯನ್ನು ಕಡಲು ನುಂಗಿತು. ಮುಂದೆ ಬ್ರೆಜಿಲ್ ತೀರದಲ್ಲಿ ಹಡಗಿನ ಮೇಲೆ ಮಾಡಿದ ಯತ್ನವೂ ಕೊಳವೆಯಿಂದಲೇ ಕೆಟ್ಟಿತು.

ಈ ಸೋಲಿನ ಕಾರಣ ಸರಳ ಲೆಕ್ಕದಲ್ಲಿದೆ. ಬಿಸಿಗೂ ತಂಪಿಗೂ ಇರುವ ಅಂತರ 20 ಡಿಗ್ರಿಯಷ್ಟೇ ಆದಾಗ, ಶಾಖದಲ್ಲಿ ನೂರಕ್ಕೆ ಸುಮಾರು 7 ಪಾಲಿಗಿಂತ ಹೆಚ್ಚನ್ನು ಎಂಥ ಆದರ್ಶ ಯಂತ್ರವೂ ವಿದ್ಯುತ್ತಾಗಿ ಮಾರ್ಪಡಿಸಲಾರದು. ನಿಜವಾದ ಯಂತ್ರದಲ್ಲಿ ದಕ್ಕುವುದು ಎರಡೋ ಮೂರೋ ಪಾಲು ಮಾತ್ರ. ಹಾಗಾಗಿ ಸ್ವಲ್ಪ ವಿದ್ಯುತ್ತಿಗೂ ಅಪಾರ ನೀರನ್ನು ಎತ್ತಬೇಕು. ಅದಕ್ಕೆ ಅಗಲವಾದ, ಒಂದು ಕಿಲೋಮೀಟರ್ ಆಳಕ್ಕೆ ಇಳಿಯುವ ಕೊಳವೆ ಬೇಕು. ಅಲೆ, ಒಳಹರಿವು, ಚಂಡಮಾರುತ ಎಲ್ಲವನ್ನೂ ಆ ಕೊಳವೆ ತಾಳಿಕೊಳ್ಳಬೇಕು.

1973ರ ತೈಲ ಬಿಕ್ಕಟ್ಟಿನ ನಂತರ ಹಳೆಯ ಕನಸಿಗೆ ಮರುಜೀವ ಬಂತು. 1979ರಲ್ಲಿ ಹವಾಯಿ ದ್ವೀಪದ ಬಳಿ ದೋಣಿಯೊಂದರ ಮೇಲೆ ನಿಂತ ಸ್ಥಾವರ 50 ಕಿಲೋವಾಟ್ ಉತ್ಪಾದಿಸಿತು. ಪಂಪುಗಳ ಖರ್ಚು ಕಳೆದು ಉಳಿದದ್ದು ಅದರ ಮೂರನೇ ಒಂದು ಭಾಗದಷ್ಟು. 1981ರಲ್ಲಿ ಜಪಾನೀಯರು ಪೆಸಿಫಿಕ್‌ನ ಪುಟ್ಟ ದೇಶ ನೌರುವಿನಲ್ಲಿ 120 ಕಿಲೋವಾಟ್ ಉತ್ಪಾದಿಸಿದರು. ಅಲ್ಲಿಯೂ ಸಿಂಹಪಾಲು ಸ್ಥಾವರದ ಹೊಟ್ಟೆಗೇ ಹೋಯಿತು. ಆದರೂ ಖರ್ಚು ಕಳೆದು ಒಂದಿಷ್ಟು ವಿದ್ಯುತ್ತು ಮಿಗಬಲ್ಲದೆಂಬುದು ಈ ಎರಡು ಪ್ರಯೋಗಗಳಿಂದ ಖಚಿತವಾಯಿತು.

ತೂತ್ತುಕುಡಿಯ ಕೊಳವೆ

ಭಾರತದಲ್ಲಿ ಈ ಕೆಲಸವನ್ನು ಕೈಗೆತ್ತಿಕೊಂಡದ್ದು 1993ರಲ್ಲಿ ಚೆನ್ನೈಯಲ್ಲಿ ಆರಂಭವಾದ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ. ಜಪಾನಿನ ಸಾಗಾ ವಿಶ್ವವಿದ್ಯಾಲಯದೊಂದಿಗೆ 1997ರಲ್ಲಿ ಒಪ್ಪಂದವಾಯಿತು. ತಮಿಳುನಾಡಿನ ತೂತ್ತುಕುಡಿಯಾಚೆಯ ಆಳಕಡಲಿನಲ್ಲಿ ಒಂದು ಮೆಗಾವಾಟ್ ಸಾಮರ್ಥ್ಯದ ತೇಲುವ ಸ್ಥಾವರವನ್ನು ನಿಲ್ಲಿಸುವುದು ಉದ್ದೇಶ. ಕಡಿಮೆ ಶಾಖದಲ್ಲೇ ಕುದಿಯುವ ಅಮೋನಿಯಾವನ್ನು ಮೇಲ್ಪದರದ ನೀರಿನಿಂದ ಆವಿಯಾಗಿಸಿ ಟರ್ಬೈನ್ ತಿರುಗಿಸುವುದು, ಆಳದ ನೀರಿನಿಂದ ಅದನ್ನು ಮತ್ತೆ ದ್ರವವಾಗಿಸುವುದು ಅದರ ಕ್ರಮ. ಯಂತ್ರಗಳನ್ನು ಹೊತ್ತ ದೋಣಿಗೆ ‘ಸಾಗರ ಶಕ್ತಿ’ ಎಂಬ ಹೆಸರಿಟ್ಟರು.

ಹೆಸರಿಗೆ ತಕ್ಕ ಶಕ್ತಿ ಹೊರಬರಲಿಲ್ಲ. 2000ದ ದಶಕದ ಆರಂಭದ ವರ್ಷಗಳಲ್ಲಿ ಕೊಳವೆಯನ್ನು ಕಡಲಿಗಿಳಿಸುವ ಯತ್ನಗಳು ವಿಫಲವಾಗಿ ಕೊಳವೆ ಕಡಲಿನ ಪಾಲಾಯಿತು. ಎಪ್ಪತ್ತು ವರ್ಷಗಳ ಹಿಂದೆ ಕ್ಲೋದ್ ಎಡವಿದ ಕಲ್ಲನ್ನೇ ನಮ್ಮವರೂ ಎಡವಿದ್ದರು.

ಸೋಲನ್ನು ಒಪ್ಪಿಕೊಂಡು ಸಂಸ್ಥೆ ಅಲ್ಲಿಗೇ ಕೈಕಟ್ಟಿ ಕೂರಬಹುದಿತ್ತು. ಹಾಗಾಗದೆ ಅಲ್ಲಿನ ಎಂಜಿನಿಯರುಗಳು ತಮ್ಮ ಪ್ರಶ್ನೆಯನ್ನೇ ಬದಲಿಸಿಕೊಂಡರು. ಅದೇ ಬಿಸಿ ಮತ್ತು ತಂಪಿನ ಅಂತರದಿಂದ ವಿದ್ಯುತ್ತಿನ ಬದಲು ಸಿಹಿನೀರನ್ನು ತೆಗೆದರೆ ಹೇಗೆ? ಅದಕ್ಕೆ ಒಂದು ಕಿಲೋಮೀಟರ್ ಆಳ ಬೇಕಿಲ್ಲ, ಅಷ್ಟು ದೊಡ್ಡ ಕೊಳವೆಯೂ ಬೇಕಿಲ್ಲ. ನೀರಿನ ತೀವ್ರ ಅಗತ್ಯವಿದ್ದ ಜಾಗವೂ ಕಣ್ಣೆದುರಿಗೇ ಇತ್ತು. ಅದು ಲಕ್ಷದ್ವೀಪ.

ಮಂಗಳೂರಿನ ನೆರೆಯ ದ್ವೀಪಗಳು

ಇಂದು ಲಕ್ಷದ್ವೀಪವೆಂದರೆ ಕೇರಳದ ಕೊಚ್ಚಿ ನೆನಪಾಗುತ್ತದೆ. ಆದರೆ ಅದರ ಉತ್ತರದ ಗುಂಪಾದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳ ಇತಿಹಾಸ ಮಂಗಳೂರಿನೊಂದಿಗೆ ಹೆಣೆದುಕೊಂಡಿದೆ. ಅಮಿನ್‌ದಿವಿ ಎಂದು ಕರೆಯಲಾಗುವ ಈ ದ್ವೀಪಗಳು ಮೊದಲು ಕಣ್ಣೂರಿನ ಅರಕ್ಕಲ್ ಮನೆತನದ ಅಧೀನದಲ್ಲಿದ್ದವು. 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಆಡಳಿತಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರ ಕೈಸೇರಿ ಕೆನರಾದ ಭಾಗವಾದವು. ಮುಂದೆ 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶ ರೂಪುಗೊಳ್ಳುವವರೆಗೂ ಇವು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. ಕವರತ್ತಿ ಮುಂತಾದ ದಕ್ಷಿಣದ ದ್ವೀಪಗಳು ಮಲಬಾರಿಗೆ ಸೇರಿದ್ದವು. ದ್ವೀಪದ ತೆಂಗು, ನಾರಿನ ಹುರಿ ಮಂಗಳೂರಿನ ಬಂದರಿಗೆ ಬರುತ್ತಿತ್ತು. ಹಿಂದಿರುಗುವ ಹಾಯಿಹಡಗುಗಳಲ್ಲಿ ಅಕ್ಕಿ ಹೋಗುತ್ತಿತ್ತು.

ಹಡಗಿನಲ್ಲಿ ಅಕ್ಕಿ ತರಬಹುದು, ಊರಿಗೆಲ್ಲ ದಿನವೂ ನೀರು ತರಲಾಗದು. ಹವಳದ ಈ ದ್ವೀಪಗಳಲ್ಲಿ ನದಿಯಿಲ್ಲ, ಬೆಟ್ಟವಿಲ್ಲ. ಮರಳುನೆಲಕ್ಕೆ ಇಳಿದ ಮಳೆನೀರು ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತಿರುತ್ತದೆ. ಬಾವಿಯಿಂದ ಹದವರಿತು ಸೇದಿದರೆ ಸಿಹಿನೀರು ಸಿಗುತ್ತದೆ. ಪಂಪಿಟ್ಟು ಅತಿಯಾಗಿ ಎಳೆದರೆ ಕೆಳಗಿನ ಉಪ್ಪುನೀರು ಮೇಲೇರುತ್ತದೆ. ಜನ ಹೆಚ್ಚಿದಂತೆ, ಮನೆಗಳು ಒತ್ತೊತ್ತಾದಂತೆ ಪಾಯಖಾನೆಯ ಗುಂಡಿಗೂ ಬಾವಿಗೂ ಇದ್ದ ದೂರವೂ ಕಡಿಮೆಯಾಯಿತು. ಸುತ್ತಲೂ ನೀರಿದ್ದೂ ಕುಡಿಯಲು ಶುದ್ಧ ನೀರಿಲ್ಲದ ಸ್ಥಿತಿ ಅದು.

22 ಡಿಗ್ರಿಗೆ ಕುದಿಯುವ ನೀರು

2005ರ ಮೇ ತಿಂಗಳಲ್ಲಿ ಕವರತ್ತಿಯಲ್ಲಿ ಹೊಸ ಬಗೆಯ ಸ್ಥಾವರ ಕೆಲಸ ಆರಂಭಿಸಿತು. ಅದರ ತತ್ವವನ್ನು ಅರಿಯಲು ಬೆಂಗಳೂರಿನ ಅಡುಗೆಮನೆ ಸಾಕು. ಕಡಲತೀರದಲ್ಲಿ 100 ಡಿಗ್ರಿಗೆ ಕುದಿಯುವ ನೀರು, ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ 97 ಡಿಗ್ರಿಗೇ ಕುದಿಯುತ್ತದೆ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುವುದೇ ಇದಕ್ಕೆ ಕಾರಣ. ಮುಚ್ಚಿದ ಕೋಣೆಯೊಂದರಲ್ಲಿ ಪಂಪಿನಿಂದ ಗಾಳಿಯನ್ನು ಹೊರಗೆಳೆದು ಒತ್ತಡವನ್ನು ನಲವತ್ತರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿಸಿದರೆ ನೀರು 22 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. 28 ಡಿಗ್ರಿಯ ಕಡಲನೀರನ್ನು ಅಲ್ಲಿಗೆ ಬಿಟ್ಟರೆ ಒಲೆಯಿಲ್ಲದೆ ಅದು ಆವಿಯಾಗುತ್ತದೆ. ಉಪ್ಪು ಹಿಂದೆ ಉಳಿಯುತ್ತದೆ. ಆ ಆವಿಯನ್ನು ಆಳದಿಂದ ತಂದ ತಣ್ಣೀರಿನ ಕೊಳವೆಗಳಿಗೆ ತಾಗಿಸಿದರೆ ಸಿಹಿನೀರಾಗಿ ಇಳಿಯುತ್ತದೆ.

ಹವಳದ ದ್ವೀಪಗಳ ಒಂದು ಗುಣ ಇಲ್ಲಿ ನೆರವಿಗೆ ಬಂತು. ಅವುಗಳ ಅಂಚು ದಡದಿಂದ ಸ್ವಲ್ಪ ದೂರದಲ್ಲೇ ಕಡಿದಾಗಿ ಇಳಿಯುತ್ತದೆ. ದಡದಲ್ಲೇ ಸ್ಥಾವರವನ್ನು ಕಟ್ಟಿ, ಸುಮಾರು 600 ಮೀಟರ್ ಉದ್ದದ ಕೊಳವೆಯಿಂದ 350 ಮೀಟರ್ ಆಳದ ತಣ್ಣೀರನ್ನು ಎಳೆಯಲು ಸಾಧ್ಯವಾಯಿತು. ಅಲ್ಲಿನ ಉಷ್ಣಾಂಶ ಸುಮಾರು 12 ಡಿಗ್ರಿ.

ಒಳಬಂದ ಬಿಸಿನೀರಿನಲ್ಲಿ ಆವಿಯಾಗುವುದು ನೂರರಲ್ಲಿ ಒಂದು ಪಾಲು ಮಾತ್ರ. ಎಂದರೆ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರಿಗೆ ಸುಮಾರು ಒಂದು ಕೋಟಿ ಲೀಟರ್ ಕಡಲನೀರನ್ನು ಹಾಯಿಸಬೇಕು. 2011ರ ಜನಗಣತಿಯಂತೆ ಕವರತ್ತಿಯ ಜನಸಂಖ್ಯೆ 11 ಸಾವಿರದಷ್ಟು. ತಲೆಗೆ ಒಂಬತ್ತು ಲೀಟರ್: ಕುಡಿಯಲು, ಅಡುಗೆಗೆ ಸಾಕಾಗುವಷ್ಟು. 2007ರಲ್ಲಿ ‘ಸಾಗರ ಶಕ್ತಿ’ ದೋಣಿಯನ್ನೇ ಬಳಸಿ ಚೆನ್ನೈಯಾಚೆ ದಿನಕ್ಕೆ ಹತ್ತು ಲಕ್ಷ ಲೀಟರಿನ ಪ್ರಯೋಗ ನಡೆಯಿತು. 2011ರಲ್ಲಿ ಮಿನಿಕಾಯ್ ಮತ್ತು ಅಗತ್ತಿಗೆ ಸ್ಥಾವರಗಳು ಬಂದವು. ಬಳಿಕ ಇನ್ನೂ ಆರು ದ್ವೀಪಗಳಿಗೆ ಯೋಜನೆ ಹಬ್ಬಿತು. ಅಮಿನಿ, ಕಿಲ್ತಾನ್, ಚೆತ್ಲಾತ್ ಅವುಗಳಲ್ಲಿ ಸೇರಿವೆ. ಅವುಗಳಲ್ಲೊಂದಾದ ಕಡಮತ್‌ನ ದಿನಕ್ಕೆ ಒಂದೂವರೆ ಲಕ್ಷ ಲೀಟರಿನ ಸ್ಥಾವರ 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು.

ಇಂಥದೇ ಇನ್ನೊಂದು ಕಥೆ ಕೇರಳದ ವಿಳಿಂಜಂನಲ್ಲಿ ನಡೆದಿತ್ತು. ಮದ್ರಾಸಿನ ಐಐಟಿ ಅಲ್ಲಿ 1991ರಲ್ಲಿ 150 ಕಿಲೋವಾಟ್ ಸಾಮರ್ಥ್ಯದ ಅಲೆಶಕ್ತಿ ಸ್ಥಾವರವನ್ನು ನಡೆಸಿತು. ಕಾಂಕ್ರೀಟ್ ಕೋಣೆಯೊಳಗೆ ಅಲೆ ಏರಿಳಿದಾಗ ಮೇಲಿನ ಗಾಳಿ ಒಮ್ಮೆ ಹೊರಕ್ಕೂ ಒಮ್ಮೆ ಒಳಕ್ಕೂ ನುಗ್ಗಿ ಟರ್ಬೈನನ್ನು ತಿರುಗಿಸುತ್ತಿತ್ತು. ಮುಂಗಾರಿನ ಅಬ್ಬರ ಉಳಿದ ತಿಂಗಳುಗಳಲ್ಲಿ ಇರುವುದಿಲ್ಲವಾದ್ದರಿಂದ ಉತ್ಪಾದನೆ ಏಕರೂಪವಾಗಿರಲಿಲ್ಲ. ಮುಂದೆ ಆ ವಿದ್ಯುತ್ತನ್ನು ಕಡಲನೀರನ್ನು ಸಿಹಿಯಾಗಿಸುವ ಪ್ರಯೋಗಕ್ಕೆ ಬಳಸಲಾಯಿತು. 2011ರ ವೇಳೆಗೆ ಸ್ಥಾವರದ ಆಯುಷ್ಯ ಮುಗಿಯಿತು.

ಇನ್ನೂ ತೀರದ ಲೆಕ್ಕ

ಇಷ್ಟಾದರೂ ದ್ವೀಪದ ಕಥೆಯಲ್ಲಿ ಒಂದು ತೊಡಕು ಉಳಿದಿದೆ. ಶಾಖ ಪುಕ್ಕಟೆಯಾದರೂ ಪಂಪುಗಳಿಗೆ ವಿದ್ಯುತ್ ಬೇಕು. ಲಕ್ಷದ್ವೀಪದ ವಿದ್ಯುತ್ ಬಹುಪಾಲು ಬಂದದ್ದು ಹಡಗಿನಲ್ಲಿ ತರುವ ಡೀಸೆಲಿನಿಂದ. ಸೌರಫಲಕಗಳು ಬಂದಿದ್ದರೂ ಇರುಳಿಡೀ ತಿರುಗಬೇಕಾದ ಪಂಪಿಗೆ ಬಿಸಿಲೊಂದೇ ಸಾಲದು. ಹಾಗಾಗಿ ಈ ನೀರಿನ ಹಿಂದೆ ಸ್ವಲ್ಪ ಹೊಗೆಯೂ ಇದೆ. ಸಮುದ್ರಮಟ್ಟದಿಂದ ಒಂದೆರಡು ಮೀಟರಷ್ಟೇ ಎತ್ತರದಲ್ಲಿರುವ ದ್ವೀಪಗಳಿಗೆ ಇದು ಚಿಕ್ಕ ಮಾತಲ್ಲ. ಭೂಮಿ ಕಾದು ಕಡಲು ಏರಿದರೆ ಮೊದಲು ಕೆಡುವುದು ಅವರ ಬಾವಿಗಳೇ. ಇದನ್ನು ನೀಗಿಸಲೆಂದೇ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕವರತ್ತಿಯಲ್ಲಿ 65 ಕಿಲೋವಾಟಿನ ಕಡಲುಶಾಖದ ವಿದ್ಯುತ್ ಸ್ಥಾವರವನ್ನು ಕೈಗೆತ್ತಿಕೊಂಡಿದೆ. ಅದರ ವಿದ್ಯುತ್ತಿನಿಂದಲೇ ನೀರು ಸಿಹಿಯಾಗಬೇಕೆಂಬುದು ಉದ್ದೇಶ.

ಕಡಲಿನ ಕೊಳವೆಗಳಿಂದ ಇಡೀ ಭೂಮಿಯನ್ನೇ ತಂಪು ಮಾಡುವ ಆಲೋಚನೆಗಳೂ ಬಂದುಂಟು. 2007ರಲ್ಲಿ ಬ್ರಿಟನ್ನಿನ ಜೇಮ್ಸ್ ಲವ್‌ಲಾಕ್ ಮತ್ತು ಕ್ರಿಸ್ ರಾಪ್ಲಿ ಆಳದ ನೀರನ್ನು ಮೇಲೆತ್ತುವ ಸಾವಿರಾರು ಕೊಳವೆಗಳನ್ನು ಕಡಲಲ್ಲಿ ತೇಲಿಬಿಡಬಹುದೆಂದು ಸೂಚಿಸಿದರು. ಆಳದ ನೀರಿನ ಪೋಷಕಾಂಶಗಳಿಂದ ಪಾಚಿ ಬೆಳೆದು ಗಾಳಿಯ ಇಂಗಾಲವನ್ನು ಹೀರೀತು ಎಂಬುದು ಅವರ ವಾದ. ಆದರೆ ಆಳದ ನೀರಿನಲ್ಲಿ ಕರಗಿದ ಇಂಗಾಲಾಮ್ಲವೂ ಹೇರಳವಾಗಿದೆ, ಅದು ಗಾಳಿಗೇ ಸೇರಬಹುದು ಎಂದು ಇತರ ವಿಜ್ಞಾನಿಗಳು ಆಕ್ಷೇಪಿಸಿದರು.

ಅಷ್ಟು ದೊಡ್ಡ ಮಾತುಗಳ ಮುಂದೆ ಕವರತ್ತಿಯ ಒಂದು ಲಕ್ಷ ಲೀಟರ್ ಅಲ್ಪವೆನಿಸಬಹುದು. ಆದರೆ ಕಡಲಿನ ಶಾಖದಿಂದ ನಮ್ಮ ದೇಶದಲ್ಲಿ ಜನರ ಮನೆಬಾಗಿಲಿಗೆ ಬಂದ ನಿಜವಾದ ಫಲ ಅದೊಂದೇ. ಕೊಳವೆಬಾವಿ ಬತ್ತಿ ಟ್ಯಾಂಕರಿನ ದಾರಿ ಕಾಯುವ ಬೆಂಗಳೂರಿನ ಹೊರವಲಯದವರಿಗೆ ಆ ನೀರಿನ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಡೀಸೆಲ್ ಹಡಗಿನ ದಾರಿ ಕಾಯದೆ ಆ ಪಂಪು ತಿರುಗಿದ ದಿನ 1881ರ ಕನಸು ನಮ್ಮಲ್ಲೂ ನನಸಾಯಿತೆನ್ನಬಹುದು.